ಹೊಲಿಗೆ ಕೇಂದ್ರದ ಕಂಪ್ಯೂಟರು ಎದ್ದ ದಿನ

"ಗುರುಗಳೇ, ವಿದ್ಯೆಯನ್ನು ಇಷ್ಟು ಸುಲಭ ಮಾಡಿಬಿಟ್ಟರೆ ಅದಕ್ಕೆ ಮರ್ಯಾದೆ ಉಳಿಯುತ್ತದೆಯೇ?"

ಕೇಳಿದವನು ಮರುಳಸಿದ್ಧ. ಮಠದ ಪಾಠಶಾಲೆಗೆ ಹೊಸದಾಗಿ ಬಂದವರಿಗೆ ಹಳಗನ್ನಡದ ವ್ಯಾಕರಣ ಹೇಳಿಕೊಡುವ ಹಿರಿಯ ಶಿಷ್ಯ. ತಾನು ಕಲಿಯುವ ಕಾಲಕ್ಕೆ ಅವನು ಅರ್ಥ ತಿಳಿಯದೆಯೇ ಸೂತ್ರಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ. ಪದ್ಯದ ಮುಖ ನೋಡುವ ಭಾಗ್ಯ ಸಿಕ್ಕಿದ್ದು ಆಮೇಲೆ. ಈ ವರ್ಷ ಗುರುಗಳು ಆ ಕ್ರಮ ಬಿಟ್ಟಿದ್ದರು. ಮೊದಲ ದಿನವೇ ಹೊಸಬರ ಕೈಗೆ ಒಂದು ಪದ್ಯ ಕೊಟ್ಟು, ಅದರ ಪಕ್ಕದಲ್ಲಿ ಆಡುಮಾತಿನಲ್ಲಿ ಟಿಪ್ಪಣಿ ಬರೆದುಕೊಟ್ಟಿದ್ದರು. ಬಂದವರು ಇನ್ನೂ ಹಾಸಿಗೆ ಬಿಚ್ಚಿರಲಿಲ್ಲ, ಆಗಲೇ ಪದ್ಯ ಓದಿ ನಗುತ್ತಿದ್ದರು. ಮರುಳಸಿದ್ಧನಿಗೆ ಆ ನಗು ಸಹಿಸಲಾಗಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

"ಬಹಳ ಹಿಂದಿನದಲ್ಲ, ನಮ್ಮ ಕಾಲದ್ದೇ ಒಂದು ಸಂಗತಿ ಇದೆ. ಕೇಳು," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ವೃಷಭೇಂದ್ರ ಎಂಬ ಕಂಪ್ಯೂಟರ್ ಮೇಷ್ಟ್ರು ಇದ್ದ. ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೆ ಪಾಠ ಹೇಳುತ್ತಿದ್ದ. ಊರಿನಲ್ಲಿ ಯಾರ ಕಂಪ್ಯೂಟರು ಕೈಕೊಟ್ಟರೂ ಅವನ ಮೆಟ್ಟಿಲು ಹತ್ತಬೇಕು. ಅವನಿಗೆ ಗೊತ್ತಿಲ್ಲದ್ದು ಆ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರುವುದು ಸಾಧ್ಯವಿರಲಿಲ್ಲ.

ಕಂಪ್ಯೂಟರು ಎಂದರೆ ತಗಡು, ತಂತಿ. ಅದು ಎಚ್ಚರಗೊಂಡು ನಾವು ಹೇಳಿದ್ದನ್ನು ಕೇಳಬೇಕಾದರೆ ಒಳಗೆ ಒಂದು ಆಪರೇಟಿಂಗ್ ಸಿಸ್ಟಂ ಇರಬೇಕು. ಕೆಲವನ್ನು ಕಂಪನಿಗಳು ಮಾರುತ್ತವೆ. ಇನ್ನು ಕೆಲವು ಮುಕ್ತವಾದವು. ಅವಕ್ಕೆ ಒಬ್ಬ ಒಡೆಯ ಎಂದು ಇಲ್ಲ. ಲೋಕದ ಮೂಲೆ ಮೂಲೆಯಲ್ಲಿ ಕುಳಿತವರು ಸೇರಿ ಕಟ್ಟಿದ್ದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದ ಮನೆಯವರಿಗೂ ಕೊಡಬಹುದು.

ವೃಷಭೇಂದ್ರ ತರುಣನಾಗಿದ್ದಾಗ ಇಂಥದ್ದೊಂದರ ಸುದ್ದಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದ. ಆಗ ಅದನ್ನು ಹಾಕುವುದು ಹುಡುಗಾಟವಾಗಿರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಒಂದೊಂದು ಆಜ್ಞೆಯನ್ನೂ ಕೈಯಾರೆ ಬರೆಯಬೇಕು. ಕೇಳೋಣವೆಂದರೆ ಊರಿನಲ್ಲಿ ಬಲ್ಲವರಿಲ್ಲ. ಒಂದು ಸಲ ಅವನು ಎಲ್ಲೋ ಒಂದು ಅಕ್ಷರ ತಪ್ಪಿದ. ಅಣ್ಣನ ಮದುವೆಯ ಫೋಟೋಗಳೆಲ್ಲ ಅಳಿಸಿಹೋದವು. ಅತ್ತಿಗೆ ಅತ್ತಳು. ಅಣ್ಣ ಬಹಳ ಕಾಲ ಅವನೊಡನೆ ಮಾತು ಬಿಟ್ಟ. ಆದರೂ ಅವನು ಹಟ ಬಿಡಲಿಲ್ಲ. ಕೊನೆಗೆ ಒಂದು ಮುಂಜಾನೆ ಪರದೆ ಬೆಳಗಿತು. ಅವನು ಅಂಗಳಕ್ಕೆ ಓಡಿಹೋಗಿ ಕೂಗಿದ ಕೂಗಿಗೆ, ಮಗನಿಗೆ ಚೇಳು ಕಡಿಯಿತೆಂದು ತಾಯಿ ಸೊಪ್ಪಿನ ರಸ ಹಿಡಿದುಕೊಂಡು ಬಂದಳು.

ಆ ದಿನದಿಂದ ಅವನು ಬಲ್ಲವನಾದ. ಬಲ್ಲವನಾದ ಮೇಲೆ, ಅದು ಎಷ್ಟು ಕಷ್ಟ ಎಂದು ಹೇಳುವುದೇ ಅವನಿಗೆ ಒಂದು ಅಭ್ಯಾಸವಾಯಿತು. ಯಾರಾದರೂ ಆಸೆಯಿಂದ ಬಂದು, "ಮೇಷ್ಟ್ರೇ, ನಾನೂ ಹಾಕಿ ನೋಡಲೇ?" ಎಂದರೆ ಅವನು ಅವರಿಗೆ ಗೊತ್ತಿಲ್ಲದ ಹತ್ತಾರು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಕೇಳಿದವರ ಮುಖ ಸಪ್ಪೆಯಾಗುತ್ತಿತ್ತು. ಪಾಠಕ್ಕೆ ಸೇರಿದವರಿಗೂ ಮೊದಲ ತಿಂಗಳು ಬರೀ ಹಲಗೆಯ ಮೇಲೆ ಚಿತ್ರ. ಯಂತ್ರ ಮುಟ್ಟುವಂತಿಲ್ಲ. ಅರ್ಧಕ್ಕರ್ಧ ಜನ ನಡುವೆಯೇ ಬಿಟ್ಟುಹೋಗುತ್ತಿದ್ದರು. ಬಿಟ್ಟುಹೋದವರನ್ನು ಕಂಡು ಅವನಿಗೆ ಬೇಸರವಾಗಲಿಲ್ಲ. ವಿದ್ಯೆ ದೊಡ್ಡದು, ಅದಕ್ಕೇ ಹೋಗುತ್ತಾರೆ ಎಂದುಕೊಂಡ.

ಅದೇ ಊರಿನಲ್ಲಿ ಹೆಣ್ಣುಮಕ್ಕಳ ಹೊಲಿಗೆ ಕೇಂದ್ರವೊಂದಿತ್ತು. ಅಲ್ಲಿ ಕಲಿಸುತ್ತಿದ್ದವಳು ಹಂಪಮ್ಮ. ಕೇಂದ್ರದ ಹುಡುಗಿಯರು ಕಸೂತಿಯ ಹೊಸ ಹೊಸ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಇಟ್ಟಿದ್ದರು. ಕಲಿಯಲು ಬಂದ ಪ್ರತಿ ತಂಡವೂ ತನ್ನದೊಂದನ್ನು ಸೇರಿಸಿ ಹೋಗಿತ್ತು. ಆ ಕಂಪ್ಯೂಟರು ಒಂದು ದಿನ ಆನ್ ಆಗುವಾಗ ಅರ್ಧಕ್ಕೇ ನಿಂತುಬಿಟ್ಟಿತು. ಆಮೇಲೆ ಏನು ಮಾಡಿದರೂ ಮುಂದೆ ಹೋಗಲಿಲ್ಲ. ಯಾವುದೋ ಕಚೇರಿಯವರು ದಾನವಾಗಿ ಕೊಟ್ಟಿದ್ದ ಹಳೆಯ ಕಂಪ್ಯೂಟರುಗಳೂ ಪಕ್ಕದಲ್ಲೇ ಧೂಳು ತಿನ್ನುತ್ತಿದ್ದವು.

ಕೇಂದ್ರದ ಕಾರ್ಯದರ್ಶಿ ವೃಷಭೇಂದ್ರನನ್ನು ಕರೆಸಿದ. ವೃಷಭೇಂದ್ರ ನಿಂತಲ್ಲೇ ನೋಡಿದ.

"ಇವಕ್ಕೆ ಜೀವ ಬರಬೇಕಾದರೆ ಮುಕ್ತ ಸಿಸ್ಟಂ ಹಾಕಬೇಕು. ಅದು ಎಲ್ಲರ ಕೈಗೆ ಹತ್ತುವ ಕೆಲಸವಲ್ಲ. ನನಗೆ ಸದ್ಯ ಪುರುಸೊತ್ತಿಲ್ಲ. ಒಳಗೆ ಇರುವುದಂತೂ ಹೋಯಿತೆಂದೇ ತಿಳಿಯಿರಿ," ಎಂದ.

"ಸರ್, ನಾವೇ ಹಾಕಿಕೊಂಡರೆ?" ಎಂದಳು ಹಂಪಮ್ಮ.

ವೃಷಭೇಂದ್ರ ನಕ್ಕ. "ಅಮ್ಮಾ, ಇದು ಅಂಗಿಗೆ ಗುಂಡಿ ಹಚ್ಚಿದ ಹಾಗಲ್ಲ."

ಅವನ ಮಾತೇ ತೀರ್ಪಾಯಿತು. ಬಲ್ಲವನೇ ಹೀಗೆಂದ ಮೇಲೆ ಇವನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು, ಶನಿವಾರ ಗುಜರಿಗೆ ಹಾಕಿ ಕೋಣೆ ಖಾಲಿ ಮಾಡಿ ಎಂದು ಕಾರ್ಯದರ್ಶಿ ಹೇಳಿಹೋದ.

ಶನಿವಾರ ಬೆಳಗ್ಗೆ ವೃಷಭೇಂದ್ರ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ಗುಜರಿಯ ಮಾಬುಸಾಬ್ ತನ್ನ ಟೆಂಪೋ ನಿಲ್ಲಿಸಿ ಒಳಗೆ ಬಂದ.

"ಮೇಷ್ಟ್ರೇ, ಹೊಲಿಗೆ ಕೇಂದ್ರದಿಂದಲೇ ಬರುತ್ತಿದ್ದೇನೆ. ಹೇರಿಕೊಳ್ಳಲು ಹೋದರೆ ಆ ಟೀಚರಮ್ಮ ಸ್ವಲ್ಪ ತಡೆದು ಬಾ ಅಂದಳು. ಪೆನ್ ಡ್ರೈವ್ ಚುಚ್ಚಿಕೊಂಡು ಕೂತಿದ್ದಾಳೆ. ತಾನೇ ಸಿಸ್ಟಂ ಹಾಕುತ್ತಾಳಂತೆ!"

ವೃಷಭೇಂದ್ರನಿಗೆ ಸಿಟ್ಟು ಬಂತೆಂದು ನೀನು ತಿಳಿಯಬೇಡ. ಬಂದದ್ದು ಭಯ. ಅಳಿಸಿಹೋದದ್ದು ಮರಳಿ ಬರುವುದಿಲ್ಲ ಎಂದರೆ ಏನು ಎಂದು ಅವನಿಗೆ ಗೊತ್ತಿತ್ತು. ಹುಡುಗಿಯರ ಚಿತ್ರಗಳು ಆ ಯಂತ್ರದಲ್ಲಿ ಇನ್ನೂ ಉಳಿದಿದ್ದರೆ? ತಾನು ಸರಿಯಾಗಿ ನೋಡದೆ ಹೋಯಿತೆಂದು ಬಿಟ್ಟಿದ್ದೆನಲ್ಲ? ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮಾಬುಸಾಬನ ಟೆಂಪೋದಲ್ಲೇ ಹತ್ತಿ ಕುಳಿತ.

"ಬೇಗ ನಡೆ ಮಾರಾಯ!"

ಕೇಂದ್ರದ ಬಾಗಿಲಲ್ಲಿ ಇಳಿದವನೇ ಕೂಗಿದ. "ನಿಲ್ಲಿಸಿ! ಏನನ್ನೂ ಒತ್ತಬೇಡಿ!"

ಒಳಗೆ ಹಂಪಮ್ಮ ಆ ನಿಂತುಹೋದ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಸುತ್ತ ಹುಡುಗಿಯರು. ಪರದೆ ಬೆಳಗುತ್ತಿತ್ತು.

"ಒತ್ತಿಲ್ಲ ಸರ್," ಎಂದಳು ಹಂಪಮ್ಮ. "ಬರೀ ನೋಡುತ್ತಿದ್ದೇವೆ. ಹಾಕುವ ಮೊದಲು ಬಳಸಿ ನೋಡುತ್ತೀರಾ, ಇಲ್ಲ ಈಗಲೇ ಹಾಕಲೇ ಎಂದು ಅದೇ ಕೇಳಿತು. ನೋಡುತ್ತೇವೆ ಎಂದೆವು. ಯಂತ್ರದಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ ಎಂದು ಬರೆದಿದೆ. ಎಲ್ಲ ಈ ಪೆನ್ ಡ್ರೈವಿನಿಂದಲೇ ನಡೆಯುತ್ತಿದೆಯಂತೆ. ನಿಜವೇ ಸರ್?"

ವೃಷಭೇಂದ್ರ ಬಗ್ಗಿ ನೋಡಿದ. ನಿಜವಾಗಿತ್ತು.

"ಇದು ಎಲ್ಲಿ ಸಿಕ್ಕಿತು ನಿಮಗೆ?"

"ಲೈಬ್ರರಿಯಲ್ಲಿ ಸರ್. ಯಾರು ಬೇಕಾದರೂ ಒಯ್ಯಲಿ ಎಂದು ಕಾಲೇಜಿನ ಮೇಡಂ ಒಬ್ಬರು ಇಟ್ಟುಹೋಗಿದ್ದಾರೆ. ಚುಚ್ಚಿ, ಆನ್ ಮಾಡುವಾಗ ಯಾವ ಕೀ ಒತ್ತಬೇಕು ಅನ್ನುವುದನ್ನು ಲೈಬ್ರರಿಯವರು ತೋರಿಸಿದರು. ಮಿಕ್ಕಿದ್ದು ಅದೇ ಕೇಳುತ್ತದೆ ಅಂದರು. ನನಗೇನೂ ಗೊತ್ತಿಲ್ಲ ಸರ್. ಕನ್ನಡದಲ್ಲಿ ಕೇಳುತ್ತಿದೆ, ಓದಿ ಉತ್ತರ ಕೊಡುತ್ತಿದ್ದೇನೆ."

ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿ ಪರದೆಯ ಮೇಲಿನ ಒಂದು ಪೆಟ್ಟಿಗೆಯ ಚಿತ್ರ ಒತ್ತಿದಳು. ಅದು ತೆರೆಯಿತು. ಒಳಗೆ ಇನ್ನೊಂದು. ಅದೂ ತೆರೆಯಿತು. ಪರದೆಯ ತುಂಬ ಕಸೂತಿಯ ಚಿತ್ರಗಳು. ತೇರು, ಗೋಪುರ, ತೊಟ್ಟಿಲು, ಆನೆ.

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಟೀಚರ್, ಇದು ನನ್ನ ನವಿಲು!"

"ನಮ್ಮಕ್ಕ ಬಿಡಿಸಿದ್ದೂ ಇದೆ, ನೋಡಿ, ನೋಡಿ!"

ಹೋಯಿತೆಂದು ಹೇಳಿದ್ದವನು ಅಲ್ಲೇ ನಿಂತಿದ್ದ. ಯಾರೂ ಅವನ ಕಡೆ ತಿರುಗಲಿಲ್ಲ. ಆ ಸಂತೋಷದಲ್ಲಿ ಯಾರಿಗೂ ಅವನ ಮಾತು ನೆನಪಿರಲಿಲ್ಲ. ಅವನೇ ತನ್ನ ಚೀಲದಿಂದ ಇನ್ನೊಂದು ಪೆನ್ ಡ್ರೈವ್ ತೆಗೆದ. "ಮೊದಲು ಇವನ್ನೆಲ್ಲ ಇದಕ್ಕೆ ಇಳಿಸಿಕೊಳ್ಳಿ," ಎಂದ. ಹುಡುಗಿಯರು ಇಳಿಸಿಕೊಂಡರು.

ಬಾಗಿಲಲ್ಲಿ ಮಾಬುಸಾಬ್ ತಲೆ ಹಾಕಿದ. "ಅಮ್ಮಾ, ಹೇರಲೋ ಬೇಡವೋ?"

"ತಡಿಯಣ್ಣ, ಈಗ ಹಾಕುತ್ತೇನೆ!" ಎಂದಳು ಹಂಪಮ್ಮ. ಅವಳ ಕಣ್ಣು ಹೊಳೆಯುತ್ತಿತ್ತು.

ಶುರು ಮಾಡಿದಳು. ಯಾವ ಭಾಷೆ ಎಂದು ಕೇಳಿತು. ಕನ್ನಡ ಎಂದಳು. ಯಾವ ಕೀಲಿಮಣೆ ಎಂದು ಕೇಳಿತು. ಅದೇ ಒಂದನ್ನು ಸೂಚಿಸಿತು, ಅದನ್ನೇ ಒಪ್ಪಿದಳು. ಎಲ್ಲಿದ್ದೀರಿ ಎಂದು ಲೋಕದ ನಕ್ಷೆ ತೋರಿಸಿತು. ಹಂಪಮ್ಮ ತಮ್ಮ ಊರು ಇರಬಹುದಾದ ಜಾಗ ಹುಡುಕಿ ಒತ್ತಿದಳು. ಕೋಲ್ಕತ್ತಾ ಎಂದು ಬಂತು.

"ಅಯ್ಯೋ ಟೀಚರ್, ನಮ್ಮನ್ನು ಬಂಗಾಳಕ್ಕೆ ಕಳಿಸಿಬಿಟ್ಟಿತು!" ಎಂದು ಹುಡುಗಿಯರು ಗೊಳ್ಳೆಂದರು.

"ಅದು ಸರಿಯಾಗಿಯೇ ಇದೆ," ಎಂದ ವೃಷಭೇಂದ್ರ. "ಗಡಿಯಾರದ ಲೆಕ್ಕಕ್ಕೆ ಇಡೀ ದೇಶಕ್ಕೆ ಆ ಒಂದೇ ಊರಿನ ಹೆಸರು ಇಟ್ಟುಕೊಂಡಿದ್ದಾರೆ. ಮುಂದೆ ಹೋಗಿ." ಹೇಳುತ್ತ ಅವನಿಗೂ ನಗು ಬಂತು.

ಮುಂದಿನ ಪ್ರಶ್ನೆಗೆ ನಗು ನಿಂತಿತು. ಈ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳುತ್ತಿತ್ತು. ಹಂಪಮ್ಮನ ಕೈ ಅಲ್ಲೇ ನಿಂತಿತು. ಅವಳು ವೃಷಭೇಂದ್ರನ ಮುಖ ನೋಡಿದಳು.

ಅಂಥ ನೋಟಕ್ಕೆ ಉತ್ತರವಾಗಿ ಭಯ ಹುಟ್ಟಿಸುವ ಮಾತುಗಳನ್ನೇ ಅವನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ. ಈಗಲೂ ನಾಲಿಗೆಯ ತುದಿಗೆ ಬಂದವು. ಆದರೆ ಅವನ ಕಣ್ಣು ಪರದೆಯ ಮೇಲಿನ ಆ ಸಾಲಿನ ಮೇಲೇ ಇತ್ತು. ಓದಲು ಬಂದ ಯಾರಿಗೂ ತಿಳಿಯುವ ಒಂದು ಸಾಲು. ಇಂಥದ್ದೊಂದು ಸಾಲು ಅಂದು ತನ್ನ ಎದುರಿಗೆ ಇದ್ದಿದ್ದರೆ ಅಣ್ಣನ ಮದುವೆಯ ಫೋಟೋಗಳು ಇಂದಿಗೂ ಇರುತ್ತಿದ್ದವು. ಯಾರೋ ಒಬ್ಬರು ಎಲ್ಲೋ ಕುಳಿತು, ಏನೂ ಗೊತ್ತಿಲ್ಲದವರ ಕೈ ಇಲ್ಲಿ ನಡುಗುತ್ತದೆ ಎಂದು ಯೋಚಿಸಿ, ಈ ಜಾಗದಲ್ಲಿ ಈ ಮಾತು ಇಟ್ಟಿದ್ದಾರೆ. ಇನ್ನೊಬ್ಬರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಅವರ ಹೆಸರೂ ಇಲ್ಲಿ ಇಲ್ಲ.

ಅವನು ಹಂಪಮ್ಮನ ಪಕ್ಕಕ್ಕೆ ಬಂದ.

"ಚಿತ್ರಗಳನ್ನು ಇಳಿಸಿಕೊಂಡಿದ್ದೀರಲ್ಲ? ಹೆದರಬೇಡಿ. ಒತ್ತಿ."

ಹಂಪಮ್ಮ ಒತ್ತಿದಳು.

ಯಾರ ಹೆಸರಿನಲ್ಲಿ ಎಂದು ಕೇಳಿತು, ತನ್ನ ಹೆಸರು ಬರೆದಳು. ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಬೆಳೆಯತೊಡಗಿತು. ಹುಡುಗಿಯರು ಅದನ್ನೇ ನೋಡುತ್ತ ನಿಂತರು. ಕಾರ್ಯದರ್ಶಿಯೂ ಬಂದು ಸೇರಿದ. ಟೆಂಪೋ ಬಿಟ್ಟು ಮಾಬುಸಾಬನೂ ಒಳಗೆ ಬಂದ. ಯಾರೋ ಮಂಡಕ್ಕಿ ಒಗ್ಗರಣೆ ತಂದರು. ತಿನ್ನುತ್ತಲೂ ಎಲ್ಲರ ಕಣ್ಣು ಆ ಗೆರೆಯ ಮೇಲೆಯೇ. ಗೆರೆ ಎಲ್ಲಾದರೂ ತುಸು ನಿಂತರೆ ಎಲ್ಲರ ಬಾಯಿಯೂ ನಿಲ್ಲುತ್ತಿತ್ತು.

ತಿಂಡಿ ಮುಗಿಯುವ ಹೊತ್ತಿಗೆ ಗೆರೆ ತುಂಬಿತು. ಪೆನ್ ಡ್ರೈವ್ ತೆಗೆದು ಮತ್ತೆ ಶುರು ಮಾಡಿ ಎಂದಿತು. ತೆಗೆದಳು. ಪರದೆ ಕಪ್ಪಾಯಿತು.

ಕಪ್ಪಾಗಿಯೇ ಇತ್ತು.

"ಹೋಯಿತೇ?" ಎಂದು ಕಾರ್ಯದರ್ಶಿ ಪಿಸುಗುಟ್ಟಿದ. ವೃಷಭೇಂದ್ರನೂ ಉಸಿರು ಬಿಗಿಹಿಡಿದಿದ್ದ. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೂ ಆ ಗಳಿಗೆಯಲ್ಲಿ ಏನೂ ಗೊತ್ತಿಲ್ಲದವನಂತೆ ಎದೆ ಹೊಡೆದುಕೊಳ್ಳುತ್ತಿತ್ತು.

ಬೆಳಕು ಬಂತು. ಬಣ್ಣ ಬಂತು. ನಡುವೆ ಕನ್ನಡದಲ್ಲಿ ಹಂಪಮ್ಮ ಎಂಬ ಹೆಸರು ಬಂತು.

ಹಂಪಮ್ಮ ಎದ್ದು ನಿಂತಳು. ಚಪ್ಪಾಳೆ ತಟ್ಟಿದಳು. ನಗುತ್ತಲೇ ಅತ್ತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. "ಎದ್ದಿತು ಕಣ್ರೇ! ಎದ್ದಿತು! ನಾವೇ ಎಬ್ಬಿಸಿದೆವು!" ಹುಡುಗಿಯರು ಅವಳನ್ನು ತಬ್ಬಿಕೊಂಡು ಕುಣಿದರು.

ವೃಷಭೇಂದ್ರ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ಅವನ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು, ಸುಳ್ಳು ಹೇಳುವುದೇಕೆ. ನಾನು ಅಷ್ಟು ಪಾಡು ಪಟ್ಟು ಪಡೆದದ್ದನ್ನು ಈಕೆ ಮಂಡಕ್ಕಿ ತಿನ್ನುವ ಹೊತ್ತಿನಲ್ಲಿ ಪಡೆದಳಲ್ಲ. ಈಕೆಯ ಸಂತೋಷ ನನ್ನದಕ್ಕಿಂತ ಚಿಕ್ಕದಿರಬೇಕು. ಹಾಗೆಂದು ಕಿಟಕಿಯಿಂದ ಒಳಗೆ ನೋಡಿದ. ಚಿಕ್ಕದಿರಲಿಲ್ಲ. ಅದೇ ಸಂತೋಷ. ಕೂದಲೆಳೆಯಷ್ಟೂ ಕಡಿಮೆಯಿಲ್ಲ.

ಹಾಗಾದರೆ ತಾನು ಪಟ್ಟ ಪಾಡಿಗೂ ಈ ಸಂತೋಷಕ್ಕೂ ಸಂಬಂಧವೇನು? ಅವನು ಮೊದಲ ಸಲ ಅದನ್ನು ಕೇಳಿಕೊಂಡ.

ಮಾಬುಸಾಬ್ ಬಂದು ಪಕ್ಕದಲ್ಲಿ ಕುಳಿತ. ಬೀಡಿ ಹಚ್ಚಲು ಹೋಗಿ ಬಿಟ್ಟ.

"ಮೇಷ್ಟ್ರೇ, ನಿಜ ಹೇಳಿ. ಕಷ್ಟದ ಕೆಲಸವೇ ಇದು?"

ಹೌದು ಎಂದರೆ ಆಗುತ್ತಿತ್ತು. ಬಲ್ಲವನ ಮಾತನ್ನು ಮಾಬುಸಾಬ್ ನಂಬುತ್ತಿದ್ದ.

"ಕಷ್ಟವಾಗಿತ್ತು," ಎಂದ ವೃಷಭೇಂದ್ರ. "ಈಗ ಅಲ್ಲ. ಯಾರೋ ಪುಣ್ಯಾತ್ಮರು ಸುಲಭ ಮಾಡಿದ್ದಾರೆ."

ಮಾಬುಸಾಬ್ ತನ್ನ ಟೆಂಪೋದ ಕಡೆ ನೋಡಿದ. ಆಮೇಲೆ ನಾಚುತ್ತ ಕೇಳಿದ. "ಟೆಂಪೋದಲ್ಲಿ ನಿನ್ನೆ ಹೇರಿದ ಕಂಪ್ಯೂಟರೊಂದು ಇದೆ. ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ, ಬಹಳ ದಿನದಿಂದ ಕೇಳುತ್ತಿದ್ದಾಳೆ. ನಾನು ಹಾಕಲು ಆದೀತೇ? ನನ್ನ ಕೈ ನೋಡಿ, ಬರೀ ಕಬ್ಬಿಣ ಎತ್ತಿದ ಕೈ."

"ಕನ್ನಡ ಓದುತ್ತೀಯಲ್ಲ?"

"ಪೇಪರ್ ಓದುತ್ತೇನೆ."

"ಹಾಗಾದರೆ ಇಳಿಸು."

ಗುಜರಿ ಒಯ್ಯಲು ಬಂದವನು ಗುಜರಿಯನ್ನು ಒಳಕ್ಕೆ ಹೊತ್ತು ತಂದ. ಅದನ್ನು ನೋಡಿ ಹುಡುಗಿಯರು ಕೇಕೆ ಹಾಕಿದರು. ಧೂಳು ಒರೆಸಿದರು, ತಂತಿ ಜೋಡಿಸಿದರು. ಮಾಬುಸಾಬ್ ಕೈ ತೊಳೆದುಕೊಂಡು ಬಂದು ಕುಳಿತ. ಪೆನ್ ಡ್ರೈವ್ ಚುಚ್ಚಿದ. ವೃಷಭೇಂದ್ರ ಅವನ ಹಿಂದೆ ಕೈ ಕಟ್ಟಿ ನಿಂತ. ಒಮ್ಮೆಯೂ ಕೈ ಚಾಚಲಿಲ್ಲ. ಮಾಬುಸಾಬ್ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, "ಇದನ್ನು ಒತ್ತಲೇ?" ಎಂದು ಹಿಂದೆ ತಿರುಗುತ್ತಿದ್ದ. "ನಿನಗೇನು ಅನ್ನಿಸುತ್ತದೆ?" ಎಂದು ವೃಷಭೇಂದ್ರ ಕೇಳುತ್ತಿದ್ದ. ಮಾಬುಸಾಬ್ ಇನ್ನೊಮ್ಮೆ ಓದಿ ತಾನೇ ಒತ್ತುತ್ತಿದ್ದ.

ಅದೂ ಎದ್ದಿತು. ಮಾಬುಸಾಬ್ ಫೋನು ತೆಗೆದು ಮಗಳಿಗೆ ಹೇಳಲು ಹೋದ. ನೀವೇ ಹೇಳಿ ಎಂದು ಫೋನನ್ನು ಹಂಪಮ್ಮನ ಕೈಗೆ ಕೊಟ್ಟ.

ಮಧ್ಯಾಹ್ನದ ಮೇಲೆ ಟೆಂಪೋ ಹಿಂದಿರುಗಿತು. ಕೇಂದ್ರದಿಂದ ಒಂದು ತಗಡನ್ನೂ ಅದು ಒಯ್ಯಲಿಲ್ಲ. ಕೋಣೆ ಖಾಲಿ ಮಾಡಬೇಕೆಂದಿದ್ದ ಕಾರ್ಯದರ್ಶಿ, ಇನ್ನೊಂದು ಮೇಜು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತ ಹೋದ.

ಮರುದಿನದಿಂದ ವೃಷಭೇಂದ್ರನ ಪಾಠ ಬದಲಾಯಿತು. ಹೊಸಬರು ಬಂದರೆ ಮೊದಲ ದಿನವೇ ಒಂದು ಹಳೆಯ ಯಂತ್ರ, ಒಂದು ಪೆನ್ ಡ್ರೈವ್. ಹಾಕು, ಎಬ್ಬಿಸು, ಸಂತೋಷಪಡು. ಹಲಗೆ ಆಮೇಲೆ. ಊರಿನವರು ತಮ್ಮ ಯಂತ್ರಗಳನ್ನು ತಾವೇ ಸರಿಮಾಡಿಕೊಳ್ಳತೊಡಗಿದರು. ಅವನ ಮೆಟ್ಟಿಲು ಹತ್ತುವವರು ಮೊದಮೊದಲು ಕಡಿಮೆಯಾದರು. ಅದು ಅವನನ್ನು ಚುಚ್ಚದೆ ಇರಲಿಲ್ಲ. ಆದರೆ ಮೆಲ್ಲಗೆ ಬೇರೆ ಬಗೆಯವರು ಬರತೊಡಗಿದರು. ತಾವು ಎಬ್ಬಿಸಿದ್ದು ಒಳಗೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಆಸೆ ಹತ್ತಿದವರು. ಹಿಂದೆ ಯಾವ ಮಾತು ಕೇಳಿ ಜನ ಓಡಿಹೋಗುತ್ತಿದ್ದರೋ, ಆ ಮಾತನ್ನೇ ಹೇಳಿ ಎಂದು ಅವರು ಬೆನ್ನು ಹತ್ತಿದರು. ಆ ಗುಂಪಿನಲ್ಲಿ ಮಾಬುಸಾಬನ ಮಗಳೂ ಇದ್ದಳು. ಪಾಠದ ಕೋಣೆ ಸಾಲದೆ, ವೃಷಭೇಂದ್ರ ಮೇಲಿನ ತಾರಸಿಯಲ್ಲಿ ಚಾಪೆ ಹಾಸಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನ ಮನಸ್ಸು ಇನ್ನೂ ಒಪ್ಪಿರಲಿಲ್ಲ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ಕಂಪ್ಯೂಟರು ಬೇರೆ, ವ್ಯಾಕರಣ ಬೇರೆ. ನಾನು ಎಷ್ಟು ವರ್ಷ ಗಂಟಲು ಹರಿದುಕೊಂಡೆ. ಅತ್ತಿದ್ದೇನೆ, ಓಡಿಹೋಗಲು ಗಂಟು ಕಟ್ಟಿದ್ದೇನೆ. ಅದನ್ನೆಲ್ಲ ದಾಟದೆ ಇವರು ಪದ್ಯದ ಬಾಗಿಲಿಗೆ ಬರುವುದು ಸರಿಯೇ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಮರುಳಸಿದ್ಧಾ, ಮುಂದಿನವರಿಗೆ ಕೊಡಬೇಕೆಂದು ನೀನು ಜೋಪಾನ ಮಾಡಿಟ್ಟಿರುವುದು ಕಲಿತ ವಿದ್ಯೆಯನ್ನೋ, ಪಟ್ಟ ಪಾಡನ್ನೋ?"

ಮರುಳಸಿದ್ಧ ಎದ್ದು, ಹೊಸಬರು ಪದ್ಯ ಓದಿ ನಗುತ್ತಿದ್ದ ಕಡೆಗೆ ನಡೆದ.